ಮೂರನೇ ಗ್ಲಾಸಿನ ರಮ್

ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ, ನನ್ನ ಮೂಗು ಕೆರಳಿತು. ಪಕ್ಕದಲ್ಲಿ ನಿಂತವನಿಂದ ಏನೋ ಘಮ. ರಮ್ ರುಚಿ ನೋಡಿ ಅಂಕ ಕೊಡುವ ದಿನ ನಮ್ಮ ಆಫೀಸಿನಲ್ಲಿ ಯಾರೂ ಸೆಂಟ್ ಹಾಕುವಂತಿಲ್ಲ. ನಾನಂತೂ ಹಿಂದಿನ ದಿನದಿಂದಲೇ ಹಸಿ ಈರುಳ್ಳಿ ಕೂಡ ಮುಟ್ಟುವುದಿಲ್ಲ.

"ಟೇಸ್ಟಿಂಗ್ ದಿನ ಸೆಂಟ್ ಹಾಕ್ಕೊಂಡು ಬಂದಿದೀರಲ್ಲ, ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?" ಎಂದೆ.

ಅವನು ತನ್ನ ಕೋಟಿನ ತೋಳನ್ನೇ ಮೂಸಿ ನೋಡಿಕೊಂಡ. "ಸೆಂಟಲ್ಲ ರೀ. ನಮ್ಮ ರಮ್ ಪೀಪಾಯಿ ಇಡೋ ಕೋಣೆಲಿ ಈ ಕೋಟು ನೇತು ಹಾಕ್ತೀನಿ. ಅಕ್ರೋಟ್ ಮರದ ಪೀಪಾಯಿ. ಎಷ್ಟು ಒಗೆದ್ರೂ ಹೋಗಲ್ಲ."

"ಹಾಗಿದ್ರೆ ಕೋಟು ತೆಗೀರಿ."

"ತೆಗೀಬಹುದು. ಆದ್ರೆ ಶರ್ಟೂ ಅದೇ ಕೋಣೇದು."

ನಗಬಾರದು ಅಂದುಕೊಂಡೆ, ನಕ್ಕುಬಿಟ್ಟೆ. ಬಾಗಿಲಿನ ಸ್ಟೀಲಿನಲ್ಲಿ ಅವನು ನನ್ನನ್ನು ಕದ್ದು ನೋಡಿದ. ನಾನೂ ಅಲ್ಲೇ ನೋಡುತ್ತಿದ್ದೆ. ಇಬ್ಬರೂ ಸಿಕ್ಕಿಬಿದ್ದೆವು. ನಮ್ಮ ಮುದಿ ಲಿಫ್ಟು ತೆವಳಿಕೊಂಡು ಐದನೇ ಮಹಡಿ ಮುಟ್ಟಿದಾಗ, ಇನ್ನೊಂದು ಮಹಡಿ ಇದ್ದಿದ್ದರೆ ಅನಿಸಿದ್ದು ಸುಳ್ಳಲ್ಲ.

ಟೇಸ್ಟಿಂಗ್ ರೂಮಿನಲ್ಲಿ ಬಾಟಲಿಗಳ ಮೇಲೆ ಬಟ್ಟೆ, ಗ್ಲಾಸುಗಳ ಮೇಲೆ ನಂಬರ್. ಟೇಬಲ್ಲಿನ ತಲೆಯಲ್ಲಿ ನನ್ನ ದೊಡ್ಡಪ್ಪ. ಅವರ ನಾಲಿಗೆಯೇ ಇಲ್ಲಿ ಕಾನೂನು. ಆ ಟೇಬಲ್ಲಿನಲ್ಲಿ ಕೂತ ಮೊದಲ ಹೆಂಗಸು ನಾನು. ಆ ಕುರ್ಚಿಗಾಗಿ ಅದೇ ದೊಡ್ಡಪ್ಪನ ಜೊತೆ ಎಷ್ಟು ಜಗಳ ಆಡಿದ್ದೇನೆಂದು ಮನೆಯವರಿಗೆಲ್ಲ ಗೊತ್ತು.

ಮೂರನೇ ಗ್ಲಾಸನ್ನು ಮೂಗಿನ ಹತ್ತಿರ ತಂದೆ. ಸುಟ್ಟ ಬೆಲ್ಲ, ಒಣದ್ರಾಕ್ಷಿ, ಒದ್ದೆ ಕಲ್ಲು. ಅದರ ಹಿಂದಿನಿಂದ ಮೆಲ್ಲಗೆ ಅವನ ಕೋಟು ಬಂತು.

ಯಾರ ಮಾಲು ಅಂತ ಗುರುತು ಸಿಕ್ಕರೆ ಗ್ಲಾಸು ಕೆಳಗಿಡಬೇಕು, ಅಂಕ ಕೊಡಬಾರದು. ಅದು ನಮ್ಮ ನಿಯಮ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನಿಗೆ ಪೂರ್ತಿ ಅಂಕ ಕೊಡುವ ಆಸೆ ಎಷ್ಟು ಜೋರಾಗಿ ಬಂತೆಂದರೆ, ಆ ಆಸೆಗೇ ಹೆದರಿ ಗ್ಲಾಸು ಕೆಳಗಿಟ್ಟೆ.

"ಇದು ಯಾರದ್ದು ಅಂತ ಗೊತ್ತಾಯ್ತು. ನಾನು ಅಂಕ ಕೊಡಲ್ಲ."

ದೊಡ್ಡಪ್ಪ ಹುಬ್ಬೇರಿಸಿ ತಮ್ಮ ಗ್ಲಾಸಿಗೆ ಮರಳಿದರು. ಒಂದು ಗುಟುಕು ಬಾಯಲ್ಲಿ ಆಡಿಸಿ ಉಗಿದು, ಕಣ್ಣು ಮುಚ್ಚಿದರು. "ಸಮುದ್ರದ ಕಡೇದು. ವರ್ಷಗಟ್ಟಲೆ ಒಳ್ಳೆ ಬಿಸಿಲು ತಿಂದಿದೆ." ಆ ದಿನದ ಅತಿ ಹೆಚ್ಚಿನ ಅಂಕ ಬರೆದರು.

ಎಲ್ಲ ಮುಗಿದ ಮೇಲೆ ರಮ್ ಮಾಡಿದವರನ್ನು ಒಳಗೆ ಕರೆದು, ಬಟ್ಟೆ ತೆಗೆದರು. ಮೂರನೆಯದು ವರ್ಷದ ಅರ್ಧಭಾಗ ಹಿಮ ಬೀಳುವ ಬೆಟ್ಟದ ಊರಿನದು.

"ಅಲ್ಲಿ ಕಬ್ಬೇ ಬೆಳೆಯಲ್ಲ," ಅಂದರು ದೊಡ್ಡಪ್ಪ.

"ಕಬ್ಬಿನ ಕಾಕಂಬಿ ಬೆಟ್ಟದ ಕೆಳಗಿಂದ ಲಾರೀಲಿ ತರಿಸ್ತೀವಿ ಸಾರ್. ಹನ್ನೆರಡು ಚಳಿಗಾಲ ಪೀಪಾಯೀಲೇ ಇತ್ತು," ಎಂದ ಕೋಟಿನವನು.

"ಹಿಮದಲ್ಲಿ ರಮ್ ಹಣ್ಣಾಗುತ್ತಾ? ಎಲ್ಲೋ ನನ್ನ ನಾಲಿಗೆ ಎಡವಿದೆ." ದೊಡ್ಡಪ್ಪ ಅಂಕ ಹೊಡೆದು ಹಾಕಲು ಪೆನ್ನು ಎತ್ತಿದರು. ಅವನ ಮುಖ ಬಿಳಿಚಿಕೊಂಡಿತು.

ನಾನು ಎದ್ದು ಹಾಳೆಯ ಮೇಲೆ ಕೈಯಿಟ್ಟೆ. "ತಿದ್ದಬೇಡಿ ದೊಡ್ಡಪ್ಪ. ಲೇಬಲ್ ನೋಡಿದ ಮೇಲೆ ಪೆನ್ನು ಮುಟ್ಟಬಾರದು ಅಂತ ಹೇಳಿಕೊಟ್ಟಿದ್ದು ನೀವೇ."

"ಇವನ ಪರ ವಹಿಸ್ತಿದೀಯಾ?"

"ಹೌದು. ರಮ್ಮಿನ ಪರಾನೂ, ಇವರ ಪರಾನೂ."

"ಎಷ್ಟು ದಿನದ ಪರಿಚಯ?"

"ದಿನ ಎಲ್ಲಿ ಬಂತು? ಐದು ಮಹಡಿ."

ಯಾರೋ ಕೆಮ್ಮಿದರು. ದೊಡ್ಡಪ್ಪನ ಮುಖ ಕೆಂಪಾಯಿತು. "ಈ ಕುರ್ಚಿ ಬೇಕೋ ಬೇಡ್ವೋ ನಿಂಗೆ?"

ಬೇಕಿತ್ತು. "ಬೇಕು. ಆದ್ರೆ ನೀವು ಆ ಅಂಕ ತಿದ್ದಿದ್ರೆ ಬೇಡ."

ದೊಡ್ಡಪ್ಪ ಪೆನ್ನಿನ ಕ್ಯಾಪು ಹಾಕಿದರು. "ಇನ್ಮೇಲೆ ಇವನ ರಮ್ ಬಂದ ದಿನ ನೀನು ಈ ಟೇಬಲ್ಲಲ್ಲಿ ಕೂರಂಗಿಲ್ಲ."

"ಕೂರಲ್ಲ," ಎಂದೆ.

ಲಿಫ್ಟಿನ ಮುಂದೆ ಅವನು ಕಾಯುತ್ತಿದ್ದ. "ಹಾಳೇಲಿ ಎಲ್ಲರ ಅಂಕ ಇದೆ, ನಿಮ್ಮದೊಂದೇ ಇಲ್ಲ."

"ಕೊಟ್ಟಿದ್ರೆ ದೊಡ್ಡಪ್ಪನಿಗಿಂತ ಕಮ್ಮಿನೇ ಕೊಡ್ತಿದ್ದೆ, ಪೂರ್ತಿ ಕೊಡೋ ಆಸೆ ಇದ್ರೂ. ಮೂಸುವಾಗಲೇ ಮರದ ಘಾಟು ಜಾಸ್ತಿ ಹೊಡೀತು. ಮಧ್ಯದಲ್ಲೇ ಘಾಟು ಕಮ್ಮಿ ಇರೋ ಹಳೇ ಪೀಪಾಯಿಗೆ ಬದಲಾಯಿಸ್ಬೇಕಿತ್ತು."

ಅವನ ಮುಖ ಸಪ್ಪಗಾಗಿ, ನಿಧಾನವಾಗಿ ನಗು ಅರಳಿತು. "ಒಂದು ಸಲ ಬಂದು ತೋರಿಸ್ಕೊಡ್ತೀರಾ?"

"ಅಂಕ ಕೊಡೋಕಂತೂ ಬರಲ್ಲ."

"ಮತ್ತೆ ಯಾಕೆ ಬರ್ತೀರಾ?"

"ನಿಮ್ಮನ್ನ ಕಂಡ್ರೆ ಇಷ್ಟ ಆಯ್ತು, ಅದಕ್ಕೆ."

ಲಿಫ್ಟು ಬಂತು. ಈ ಸಲ ದೂರ ನಿಲ್ಲಲಿಲ್ಲ, ಅವನ ತೋಳಿಗೆ ಒರಗಿಯೇ ನಿಂತೆ. ಆ ಅಕ್ರೋಟಿನ ಘಮ ನನ್ನ ಬಟ್ಟೆಗೂ ಹತ್ತಲಿ. ನಾಳೆ ಟೇಬಲ್ಲಿನವರೆಲ್ಲ ಬೇಕಾದರೆ ಮೂಗು ಮುರಿಯಲಿ.