ಅಳಿಸಿದ ಸಾಲು

ಜೂನ್ ಒಂಬತ್ತು, ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಯಲ್ದೂರಿನ ಕಾಂತರಾಜ್ ಕೋಲಾರದ ಸೈಬರ್ ಅಪರಾಧ ಠಾಣೆಗೆ ಒಂದು ಸಿಪಿಯು ಹೊತ್ತುಕೊಂಡು ಬಂದರು. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಗಂಟು ಹಾಕಿದ್ದರು. ಬಸ್ಸಿನಲ್ಲಿ ಯಾರೂ ಏನೆಂದು ಕೇಳದಿರಲಿ ಅಂತ ಈ ಏರ್ಪಾಡು. ಸೀರೆ ಸುತ್ತಿದ ಪೆಟ್ಟಿಗೆ ಕಂಡರೆ ಜನ ಇನ್ನೂ ಹೆಚ್ಚು ಕೇಳುತ್ತಾರೆ ಅನ್ನುವುದು ಪಾಪ ಅವರಿಗೆ ಹೊಳೆದಿರಲಿಲ್ಲ. ಹಿಂದೆಯೇ ಬಂದ ಹೆಂಡತಿ ಗಂಗಾಲಕ್ಷ್ಮಿ ಬೆಂಚಿನ ತುದಿಯಲ್ಲಿ ಕೂತು ಗೋಡೆ ನೋಡತೊಡಗಿದರು.

ಇನ್‌ಸ್ಪೆಕ್ಟರ್ ಕದಿರೇಶ್ ದೂರು ಓದಿದರು. ಕಾಂತರಾಜ್ ಅವರ ತಾಯಿ ಆಂಜಿನಮ್ಮ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಜೂನ್ ನಾಲ್ಕರಂದು ಅವರ ಹೆಸರಿಗೆ ಅಂಚೆಯಲ್ಲಿ ಸಹಿಯಿಲ್ಲದ ಒಂದು ಪತ್ರ ಬಂತು. ಆಂಜಿನಮ್ಮನಿಗೆ ಓದು ಬಾರದು. ಪಕ್ಕದ ಮನೆಯ ಭಾರತಮ್ಮ ಪುಣ್ಯಾತ್ಗಿತ್ತಿ, ಹಾಸಿಗೆಯ ಪಕ್ಕ ಕೂತು ಬೀದಿಗೆಲ್ಲ ಕೇಳುವಂತೆ ಓದಿದರು. ಅದು ಸೊಸೆ ಗಂಗಾಲಕ್ಷ್ಮಿ ಮುಳಬಾಗಿಲಿನಲ್ಲಿರುವ ತನ್ನ ಅಕ್ಕ ಶೋಭಾರಾಣಿಗೆ ಕಳಿಸಿದ ಇ-ಮೇಲ್. ಕೊನೆಯಲ್ಲಿ ಹೀಗಿತ್ತು: ‘ಈ ಮುಸಲಾಮೆ ಬೇಗ ಹೋಗಿಬಿಟ್ಟರೆ ನಾನು ಒಂದು ರಾತ್ರಿ ಪೂರ್ತಿ ನಿದ್ದೆ ಮಾಡ್ತೀನಿ.’

ಅಂದಿನಿಂದ ಆಂಜಿನಮ್ಮ ಸೊಸೆಯ ಕೈಯಿಂದ ತುತ್ತು ತೆಗೆದುಕೊಂಡಿಲ್ಲ. ಮಗ ಕೊಟ್ಟರೆ ಎರಡು ಗುಟುಕು ಗಂಜಿ, ಅಷ್ಟೇ. ಮೇಲ್ ಕದ್ದವರನ್ನು ಹಿಡಿಯಿರಿ, ಕೊನೆಯ ಸಾಲು ತಾನು ಬರೆದದ್ದಲ್ಲ, ಯಾರೋ ಸೇರಿಸಿದ್ದು ಎಂದು ಗಂಗಾಲಕ್ಷ್ಮಿ ದೂರಿನಲ್ಲಿ ಬರೆದಿದ್ದರು.

ಹನ್ನೊಂದೂವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್ಐಆರ್ ಆಯಿತು. ಇಬ್ಬರು ಪಂಚರ ಮುಂದೆ ಸೀರೆಯ ಗಂಟು ಬಿಚ್ಚಿ, ಪಂಚನಾಮೆ ಬರೆದು, ಸಿಪಿಯು ವಶಕ್ಕೆ ತೆಗೆದುಕೊಂಡರು.

ಮಹಿಳಾ ಕಾನ್‌ಸ್ಟೆಬಲ್ ಅನಿತ ಕಂಪ್ಯೂಟರ್ ಬಲ್ಲವಳು. ಏನು ತೊಂದರೆ ಇತ್ತೆಂದು ಕಾಂತರಾಜ್ ಅವರನ್ನು ಕೇಳಿದಳು. ಬ್ರೌಸರ್ ತೆರೆದರೆ ಕೇಳದ ಪುಟ ಬರುತ್ತದೆ, ಮೂಲೆಯಲ್ಲಿ ನೋಡಬಾರದ ಚಿತ್ರಗಳು ಕುಣಿಯುತ್ತವೆ ಎಂದು ಅವರು ನೆಲ ನೋಡುತ್ತ ಹೇಳಿದರು. ಬ್ರೌಸರನ್ನೇ ಕಿತ್ತು ಮತ್ತೆ ಹಾಕಿದ್ದರಂತೆ. ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ನಾಚಿಕೆಯಿಂದ ರಿಪೇರಿಯವನನ್ನೂ ಕರೆದಿರಲಿಲ್ಲ. ತಾನೇ ಎಲ್ಲೋ ಏನೋ ಒತ್ತಿರಬೇಕೆಂದು ಒಂದು ತಿಂಗಳಿಂದ ಹೆಂಡತಿಯ ಮುಖ ನೋಡಲಾಗದೆ ಇದ್ದರು.

“ಬ್ರೌಸರ್ ತೆಗೆದ್ರೆ ಹೋಗಲ್ಲ ಸಾರ್,” ಎಂದಳು ಅನಿತ. “ಅದರ ಕೆಳಗೆ ಇನ್ನೇನೋ ಕೂತಿರುತ್ತೆ.”

ಹತ್ತನೇ ತಾರೀಕು ಕದಿರೇಶ್ ಮುಳಬಾಗಿಲಿಗೆ ಹೋದರು. ಅವರ ಅನುಮಾನ ಅಕ್ಕನ ಮೇಲೆ. ಮೇಲ್ ತಲುಪಿದ್ದು ಅವಳೊಬ್ಬಳಿಗೇ ತಾನೆ? ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಶೋಭಾರಾಣಿ ಮರುಮಾತಿಲ್ಲದೆ ಫೋನ್ ಕೈಗಿಟ್ಟಳು. ಮೇ ಇಪ್ಪತ್ತೇಳರ ಮೇಲ್ ಅದರಲ್ಲಿತ್ತು. ಪತ್ರದಲ್ಲಿದ್ದದ್ದೆಲ್ಲ ಇತ್ತು, ಆ ಕೊನೆಯ ಸಾಲೊಂದು ಇರಲಿಲ್ಲ. ಹಾಗಾದರೆ ದೂರುದಾರಳು ಹೇಳಿದ್ದು ನಿಜ ಎಂದುಕೊಂಡು ಕದಿರೇಶ್ ಜೀಪು ಹತ್ತಿದರು. ಒಂದು ಪದ ಮಾತ್ರ ದಾರಿಯುದ್ದಕ್ಕೂ ಕೊರೆಯುತ್ತಿತ್ತು.

ಹನ್ನೊಂದನೇ ತಾರೀಕು ಗಂಗಾಲಕ್ಷ್ಮಿಯನ್ನು ಮತ್ತೆ ಕರೆಸಿ, ಗಂಡನನ್ನು ಹೊರಗೆ ಕೂರಿಸಿದರು. ಅನಿತ ಜೊತೆಗಿದ್ದಳು.

“ಮನೇಲಿ ಏನು ಮಾತಾಡ್ತೀರಮ್ಮ?”

“ಅವರ ಮನೇಲಿ ಎಲ್ಲ ಕನ್ನಡ ಸಾರ್. ನಮ್ಮ ತವರಲ್ಲಿ ತೆಲುಗು.”

“ಬೇರೆ ಯಾರಾದ್ರೂ ಸೇರಿಸಿದ್ರೆ ‘ಮುದುಕಿ’ ಅಂತ ಸೇರಿಸ್ತಿದ್ರು. ತೆಲುಗಲ್ಲಿ ‘ಮುಸಲಾಮೆ’ ಅನ್ನೋರು ಆ ಮನೇಲಿ ನೀವಲ್ದೆ ಇನ್ಯಾರಿದಾರೆ?”

ಗಂಗಾಲಕ್ಷ್ಮಿ ಸೆರಗು ಬಾಯಿಗೊತ್ತಿಕೊಂಡರು.

“ಆ ಸಾಲು ಒತ್ತಿದ್ದು ನಾನೇ ಸಾರ್. ಒತ್ತಿದ ತಕ್ಷಣ ಥೂ ಅನ್ನಿಸ್ತು, ಅಳಿಸಿಬಿಟ್ಟೆ. ಕಳಿಸ್ಲಿಲ್ಲ. ಅಳಿಸಿದ್ದು ಹೆಂಗೆ ಬಂತು ಸಾರ್?”

ಫೋನಿನಲ್ಲಿ ಮಾತಾಡಿದರೆ ಪಕ್ಕದ ಕೋಣೆಯ ಅತ್ತೆಗೆ ಕೇಳಿಸುತ್ತದೆಂದೇ ಅವರು ಮೇಲ್ ಬರೆಯುತ್ತಿದ್ದರು. ಅತ್ತೆಯನ್ನು ರಾತ್ರಿ ಮೂರು ಸಲ ಎತ್ತಿ ಬಟ್ಟೆ ಬದಲಿಸಬೇಕು. ಆ ದಿನ ಐದು ಸಲ ಆಗಿತ್ತು. ಇದನ್ನು ಹೇಳಿಕೆಯಲ್ಲಿ ಬರೆಯಲೇಬೇಕೇ, ಗಂಡ ಓದುತ್ತಾರೆಯೇ ಎಂದು ಅವರು ಕೇಳಿದರು. ಬರೆಯದಿದ್ದರೆ ಕೇಸೇ ಇಲ್ಲ ಎಂದರು ಕದಿರೇಶ್. ಹಾಗೆ ಹೇಳುವಾಗ ಅವರಿಗೂ ಕಸಿವಿಸಿಯಾಯಿತು. ಗಂಗಾಲಕ್ಷ್ಮಿ ಸಹಿ ಹಾಕಿದರು.

ಕಳಿಸಿದ ಮೇಲ್ ಕದ್ದಿದ್ದರೆ ಅಳಿಸಿದ ಸಾಲು ಸಿಗುತ್ತಿರಲಿಲ್ಲ. ಹಾಗಾದರೆ ಯಾರೋ ಕದ್ದದ್ದು ಮೇಲನ್ನಲ್ಲ, ಬೆರಳು ಒತ್ತಿದ ಒಂದೊಂದು ಕೀಯನ್ನು. ಡಿಸ್ಕಿನ ನಕಲಿನಲ್ಲಿ ಅನಿತ ಹುಡುಕಿದ್ದು ಇದನ್ನೇ. ಮಧ್ಯಾಹ್ನ ಮೂರೂವರೆಗೆ ಸಿಕ್ಕಿತು. ಪ್ರಿಂಟರಿನದೆಂದು ಹೆಸರು ಹೇಳಿಕೊಂಡು ಕೂತಿದ್ದ ಪ್ರೋಗ್ರಾಂ ಅದು. ಒತ್ತಿದ್ದನ್ನೆಲ್ಲ ಬರೆದಿಟ್ಟುಕೊಂಡು ದಿನಕ್ಕೊಂದು ಸಲ ಒಂದು ಇ-ಮೇಲ್ ವಿಳಾಸಕ್ಕೆ ಕಳಿಸುತ್ತಿತ್ತು. ಬಿಟ್ಟಿ ಸಿಕ್ಕಿದ ಮಾಲು, ಹಾಳು ಜಾಹೀರಾತುಗಳನ್ನೂ ಜೊತೆಗೇ ಕರೆತಂದಿತ್ತು. ಮೇ ಇಪ್ಪತ್ತೇಳರ ಕಡತದಲ್ಲಿ ಆ ಸಾಲು ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಅದರ ಬೆನ್ನಿಗೇ ಬ್ಯಾಕ್‌ಸ್ಪೇಸ್, ಬ್ಯಾಕ್‌ಸ್ಪೇಸ್, ಬ್ಯಾಕ್‌ಸ್ಪೇಸ್ ಎಂದು ನಾಲ್ಕು ಸಾಲು.

ಪ್ರೋಗ್ರಾಂ ಹಾಕಿದ ದಿನ ಮೇ ಹನ್ನೊಂದು, ಭಾನುವಾರ, ಮಧ್ಯಾಹ್ನ ಮೂರು ನಲವತ್ತು. ಅಂದು ಮನೆಗೆ ಯಾರು ಬಂದಿದ್ದರೆಂದು ಕದಿರೇಶ್ ಕಾಂತರಾಜ್‌ಗೆ ಫೋನ್ ಮಾಡಿ ಕೇಳಿದರು.

“ಉಪ್ಪಿನಕಾಯಿಗೆ ಮಾವಿನಕಾಯಿ ತಗೊಂಡು ಹೋಗೋಕೆ ನಮ್ಮ ಪದ್ಮ ಬಂದಿದ್ಲು ಸಾರ್, ನನ್ನ ತಂಗಿ. ಕಂಪ್ಯೂಟರ್ ಸ್ಲೋ ಆಗಿದೆ, ಕ್ಲೀನ್ ಮಾಡ್ತೀನಿ ಅಂತ ಒಂದು ಗಂಟೆ…”

ಕದಿರೇಶ್ ತಂಗಿಯ ವಿಳಾಸ ಕೇಳಿ ಬರೆದುಕೊಂಡರು.

ಪದ್ಮಶ್ರೀ ಮಾಲೂರಿನ ಖಾಸಗಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್. ಹನ್ನೆರಡರಂದು ನೋಟಿಸ್ ತಲುಪಿದ ಅರ್ಧ ಗಂಟೆಯೊಳಗೆ ಆ ಇ-ಮೇಲ್ ಖಾತೆಯಲ್ಲಿದ್ದುದನ್ನೆಲ್ಲ ಅಳಿಸಿದ್ದಳು. ಅಳಿಸಿದ್ದು ಅವಳ ಫೋನಿನಿಂದಲೇ ಎಂಬ ವಿವರ ಇ-ಮೇಲ್ ಕಂಪನಿಯಿಂದ ಹದಿಮೂರರ ಸಂಜೆ ಬಂತು. ಸಾಕ್ಷ್ಯ ನಾಶ ಮಾಡಿದ ಕಾರಣಕ್ಕೆ ಹದಿನಾಲ್ಕರ ಸಂಜೆ ನಾಲ್ಕು ಹತ್ತಕ್ಕೆ, ಹೊತ್ತು ಮುಳುಗುವ ಮುಂಚೆ, ಅನಿತಳ ಸಮಕ್ಷಮ ಅವಳನ್ನು ಬಂಧಿಸಲಾಯಿತು.

ಯಾಕೆ ಎಂದು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಊರಿಗೆ ಹೋದಾಗಲೆಲ್ಲ ಎಲ್ಲರದೂ ಒಂದೇ ಮಾತಂತೆ: ಸೊಸೆ ಅಂದರೆ ಹೀಗಿರಬೇಕು, ಮಗಳು ಎಷ್ಟು ತಿಂಗಳಿಗೆ ಬಂದಳು? ಅತ್ತಿಗೆ ಒಳಗೊಳಗೆ ಏನು ಅಂದುಕೊಂಡಿದ್ದಾಳೆ ಎಂದು ತಿಳಿಯಬೇಕಿತ್ತು. ಆ ಸಾಲು ಸಿಕ್ಕಿದ ಮೇಲೆ ಅಮ್ಮನಿಗೂ ತಿಳಿಯಲೆಂದು ಅಂಚೆಗೆ ಹಾಕಿದ್ದಳು.

“ಎರಡು ವರ್ಷದಲ್ಲಿ ಒಂದು ದಿನ ಅಮ್ಮನ ಬಟ್ಟೆ ಬದಲಾಯಿಸಿಲ್ಲ ಸಾರ್ ನಾನು. ಅವಳೂ ಒಳ್ಳೆಯವಳಲ್ಲ ಅಂತ ಗೊತ್ತಾದ್ರೆ ನನಗೆ ಸಮಾಧಾನ ಆಗ್ತಿತ್ತು. ಅಮ್ಮನಿಗೆ ಮಾತ್ರ ನನ್ನ ಹೆಸರು ಹೇಳ್ಬೇಡಿ.”

ಕೇಸು ಜಾಮೀನು ಸಿಗುವಂಥದ್ದು. ಅಣ್ಣ ಕಾಂತರಾಜೇ ಬಂದು ಠಾಣೆಯಲ್ಲಿ ಜಾಮೀನು ಹಾಕಿದರು.

ಹದಿನೈದನೇ ತಾರೀಕು ಬೆಳಗ್ಗೆ ಆಂಜಿನಮ್ಮನ ಹೇಳಿಕೆ ಪಡೆಯಲು ಕದಿರೇಶ್ ಮತ್ತು ಅನಿತ ಯಲ್ದೂರಿಗೆ ಹೋದರು. ಪತ್ರ ಬಂದದ್ದು, ಭಾರತಮ್ಮ ಓದಿದ್ದು ಎಲ್ಲ ಹೇಳಿದ ಮೇಲೆ, ಸೊಸೆಯ ಮೇಲೆ ಕೋಪದಿಂದಲೇ ಊಟ ಬಿಟ್ಟಿರಾ ಎಂದು ಕದಿರೇಶ್ ಕೇಳಿದರು. ಗಂಗಾಲಕ್ಷ್ಮಿ ಗಂಜಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಕೋಪ ಯಾಕಪ್ಪ? ಅವಳು ಅಂದಿದ್ದನ್ನೇ ನಾನು ದಿನಾ ದೇವರನ್ನ ಕೇಳ್ಕೊಳ್ಳೋದು. ತಿಂದ್ರೆ ತಾನೆ ರಾತ್ರಿ ಎದ್ದು ಎತ್ತಬೇಕು? ಅವಳ ಕೈ ನೋಡಿದ್ರೆ ಬೇಡ ಅನ್ನೋಕಾಗಲ್ಲ, ಅದಕ್ಕೇ ಅವಳ ಕಡೆ ತಿರುಗ್ಲಿಲ್ಲ. ಮಗು ಒಂದು ರಾತ್ರಿ ಮಲಗ್ಲಿ ಅಂತ.”

ಗಂಗಾಲಕ್ಷ್ಮಿ ಹಾಸಿಗೆಯ ಪಕ್ಕ ಕುಸಿದು ಕೂತು, “ಅತ್ತಮ್ಮಾ,” ಎಂದರು. ಗಂಜಿಯ ಲೋಟ ಅತ್ತೆಯ ತುಟಿಗೆ ಹಿಡಿದರು. ಆಂಜಿನಮ್ಮ ಬಾಯಿ ತೆರೆದರು.

ಜೀಪಿನಲ್ಲಿ ಕದಿರೇಶ್ ಹೇಳಿಕೆಯ ಹಾಳೆ ಓದಿದರು. ಅನಿತ ಎಲ್ಲವನ್ನೂ, ಆಂಜಿನಮ್ಮ ದಿನಾ ದೇವರನ್ನು ಕೇಳಿಕೊಳ್ಳುವ ಮಾತನ್ನೂ, ಬರೆದುಕೊಂಡಿದ್ದಳು.

“ಈ ಕೊನೇ ಸಾಲುಗಳು ಕೇಸಿಗೆ ಬೇಕಾಗಲ್ಲ ಕಣಮ್ಮ,” ಎಂದರು. “ಹೊಡೆದುಹಾಕು.”

ಅನಿತ ಪೆನ್ನು ತೆಗೆದು ಅವುಗಳ ಮೇಲೆ ಗೀಟು ಎಳೆದಳು.