ಎಂಟು ಬೈಟಿನ ಕಾವಲು

ಬೇಸಿಗೆ ಕಾಲಿಟ್ಟು ವಾರವಾಗಿತ್ತು. ಕೋಳಿ ಮರಿಕೇಂದ್ರದಲ್ಲಿ ಬೆಳಗಿನ ಕೆಲಸ ಸಾಗಿತ್ತು. ಒಬ್ಬಳು ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಳು, ಇನ್ನೊಬ್ಬಳು ತಟ್ಟೆ ತೊಳೆಯುತ್ತಿದ್ದಳು. ಕಾವುಪೆಟ್ಟಿಗೆಯ ಬಾಗಿಲು ತೆರೆದ ಒಡತಿ ಒಳಗೆ ಕೈಯಿಟ್ಟವಳೇ ಹಿಂದೆಗೆದಳು. ತಣ್ಣಗಿತ್ತು! ಶಾಖ ಕಾಯುವ ಯಂತ್ರದ ಪರದೆಯ ಮೇಲೆ ಒಂದೇ ಸಾಲು— ಮೆಮೊರಿ ಇಲ್ಲ.

ಹದಿನೈದು ದಿನದ ಕಾವು. ಇನ್ನಾರು ದಿನ ಕಳೆದಿದ್ದರೆ ಮರಿಗಳು ಚಿಪ್ಪು ಒಡೆಯುತ್ತಿದ್ದವು.

ಯಂತ್ರ ತಯಾರಿಸುವ ಕಂಪನಿಗೆ ಫೋನು ಹೋಯಿತು. ಎತ್ತಿಕೊಂಡವಳು ಪ್ರೋಗ್ರಾಂ ತಂಡದ ಮುಖ್ಯಸ್ಥೆ. ಯಂತ್ರ ಹೀಗೆ ನಿಂತದ್ದು ಇದು ಮೂರನೆಯ ಸಲ. ಎರಡನೆಯ ಸಲವೇ ಅವಳು ಮೆಮೊರಿ ತಿನ್ನುವ ಕಳ್ಳನನ್ನು ಹಿಡಿದಾಗಿತ್ತು. ಎಲ್ಲರೆದುರು ವಜಾ ಕಾಗದ ಓದಿ ಮನೆಗೆ ಕಳಿಸಿಯೂ ಆಗಿತ್ತು. ಆ ಕಳ್ಳ, ಅವಳಿಗೇ ಕೆಲಸ ಕಲಿಸಿದ ಹಿರಿಯ. ಫ್ಯಾನು ತಿರುಗಿಸುವ ಕೋಡು ಬರೆಯುತ್ತಿದ್ದವನು. ಎಲ್ಲರಿಗೂ ದೊಡ್ಡಣ್ಣ.

ಕಳ್ಳ ಹೋದ ಮೇಲೂ ಕಳವು ನಿಂತಿಲ್ಲವೆಂದರೆ?

ಕಂಪನಿಯವರು ಸೂಜಿಯಮ್ಮನನ್ನು ಕರೆಸಿದರು. ಹುಲ್ಲಿನ ಬಣವೆಯಲ್ಲೂ ಸೂಜಿ ಹುಡುಕಿಕೊಡುತ್ತಾಳೆಂದು ಬಂದ ಅಡ್ಡಹೆಸರು. ನರೆತ ತಲೆ, ಮೂಗಿನ ತುದಿಗಿಳಿದ ಕನ್ನಡಕ. ಬಂದವಳು ಕಂಪ್ಯೂಟರು ಮುಟ್ಟಲಿಲ್ಲ. ಪರೀಕ್ಷೆಗೆಂದು ಮೂಲೆಯಲ್ಲಿ ಪೇರಿಸಿಟ್ಟ ಮೊಟ್ಟೆಯ ತಟ್ಟೆಗಳನ್ನೇ ನೋಡುತ್ತ ಕೂತಳು.

"ಹಿಂದಿನ ಎರಡು ಸಲ ಎಷ್ಟನೇ ದಿನಕ್ಕೆ ನಿಲ್ತು?"

"ಹದಿನೈದನೇ ದಿನಕ್ಕೆ," ಎಂದಳು ಮುಖ್ಯಸ್ಥೆ.

"ಎರಡು ಸಲವೂ?"

"ಹೂಂ."

"ಮೊದಲು ಎಷ್ಟು ದಿನ ತಡೀತಿತ್ತು?"

"ಮೂವತ್ತು ದಿನಕ್ಕಾಗುವಷ್ಟು ಮೆಮೊರಿ ಇತ್ತು."

"ಭಾರೀ ನೇಮದ ಕಳ್ಳ ಕಣಮ್ಮ! ಪ್ರತಿ ಸಲವೂ ಸರಿಯಾಗಿ ಅರ್ಧ ಕದ್ದು ಅರ್ಧ ಬಿಟ್ಟು ಹೋಗ್ತಾನೆ. ಅಲ್ಲ, ದೊಡ್ಡಣ್ಣನೇ ಅಂತ ಹೇಗೆ ಹೇಳಿದ್ರಿ?"

"ಪರದೆ ಮೇಲೆ ನೋಡಿದ್ರೆ ನಾವು ಕೇಳಿದ ಮೆಮೊರಿ ಇರೋದರಲ್ಲಿ ಬರೀ ಅರ್ಧ. ಉಳಿದದ್ದನ್ನ ಯಾರೋ ತಿಂದಿರಬೇಕಲ್ಲ? ಬೇರೆಯವರು ಕೇಳಿದ್ದೆಲ್ಲ ಅಲ್ಲಿ ದಾಖಲಾಗುತ್ತೆ. ದೊಡ್ಡಣ್ಣ ಮಾತ್ರ ಯಂತ್ರ ಶುರುವಾಗೋವಾಗ್ಲೇ ತಮ್ಮ ಪಾಲು ತೆಗೆದಿಟ್ಕೋತಾರೆ, ದಾಖಲಿಸಲ್ಲ. ಹಳೇ ಪದ್ಧತಿ."

"ಆ ಪಾಲು ಎಷ್ಟು ಅಂತ ಅಳೆದ್ರಾ?"

ಮುಖ್ಯಸ್ಥೆ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "...ಅಳೀಲಿಲ್ಲ."

"ಈ ಸಲದ ಯಂತ್ರದಲ್ಲಿ ಅವರ ಕೋಡು ಇತ್ತಾ?"

"ಇಲ್ಲ. ಪೂರ್ತಿ ತೆಗೆಸಿದ್ದೆ."

"ಆದ್ರೂ ಹದಿನೈದನೇ ದಿನ." ಸೂಜಿಯಮ್ಮ ಕನ್ನಡಕ ಮೇಲೇರಿಸಿದಳು. "ಶಾಖ ಎಷ್ಟು, ತೇವ ಎಷ್ಟು ಅಂತ ನಿಮಿಷಕ್ಕೊಂದು ಚೀಟಿ ಬರೆದು, ಮರಿಯಾಗೋವರೆಗೂ ಮೆಮೊರಿಯಲ್ಲೇ ಇಡ್ತೀರಲ್ಲ— ಒಂದೊಂದು ಚೀಟಿ ಎಷ್ಟು ದೊಡ್ಡದು?"

"ಐನೂರ ಹನ್ನೆರಡು ಬೈಟು." ಬೆರಳು ಮಡಿಚಿ ಲೆಕ್ಕ ಹಾಕಿದಳು. "ಅಲ್ಲ... ಈಗ ಐನೂರ ಇಪ್ಪತ್ತು."

"ಎಂಟು ಎಲ್ಲಿಂದ ಬಂತು?"

ಉತ್ತರ ನಿಧಾನವಾಗಿ ಬಂತು. ಚಳಿಗಾಲದಲ್ಲಿ, ಇದೆಲ್ಲಕ್ಕೂ ಮುಂಚೆ, ಒಂದು ಯಂತ್ರ ಕೆಟ್ಟು ನಿಂತಿತ್ತು. ಅವಳಿಗೆ ದೊಡ್ಡಣ್ಣನ ಮೇಲೆ ಅನುಮಾನ ಬಂತು. ಯಾವ ಚೀಟಿಯನ್ನು ಯಾರ ಕೋಡು ಬರೆಯಿತೆಂದು ತಿಳಿಯಲಿ ಎಂದು ಪ್ರತಿ ಚೀಟಿಗೂ, ಅಕ್ಷರಕ್ಕೊಂದು ಬೈಟಿನಂತೆ, ಎಂಟು ಅಕ್ಷರದ ಗುರುತು ಸೇರಿಸಿದಳು. ಆಮೇಲೆ ನೋಡಿದರೆ ಸಡಿಲವಾಗಿದ್ದದ್ದು ಒಂದು ತಂತಿ.

"ತಂತಿ ಸಿಕ್ಕ ಮೇಲೆ ಗುರುತು ತೆಗೆದ್ರಾ?"

"ಇರಲಿ ಅಂತ ಬಿಟ್ಟೆ."

ಸೂಜಿಯಮ್ಮ ಎದ್ದು ಎರಡು ತಟ್ಟೆ ತಂದಳು. ಒಂದು ಕೋಳಿಮೊಟ್ಟೆಯದು, ಇನ್ನೊಂದು ಹೆಬ್ಬಾತಿನ ಮೊಟ್ಟೆಯದು. ತಟ್ಟೆಗಳ ಅಳತೆ ಒಂದೇ, ಎರಡನೆಯದರಲ್ಲಿ ಕುಳಿಗಳು ಮಾತ್ರ ಅರ್ಧದಷ್ಟು.

"ಕರ್ನಲ್‌ನಲ್ಲಿ, ಅಂದ್ರೆ ಯಂತ್ರದ ತಳದ ಪ್ರೋಗ್ರಾಂನಲ್ಲಿ, ಮೆಮೊರಿ ಹಂಚೋನು ಕೇಳಿದಷ್ಟೇ ಕತ್ತರಿಸಿ ಕೊಡಲ್ಲ. ಅವನ ಹತ್ರ ಹೀಗೆ ಕುಳಿ ಮಾಡಿಟ್ಟ ತಟ್ಟೆಗಳಿವೆ. ಐನೂರ ಹನ್ನೆರಡರ ಕುಳಿ ಬಿಟ್ರೆ ಮುಂದಿನದು ಸಾವಿರದ ಇಪ್ಪತ್ನಾಲ್ಕರದು. ನಡುವೆ ಇಲ್ಲ. ಮೊಟ್ಟೆ ಎಳ್ಳಷ್ಟು ದಪ್ಪವಾದ್ರೂ ದೊಡ್ಡ ಕುಳಿಗೇ ಹೋಗಬೇಕು. ಮಿಕ್ಕಿದ್ದು ಬರೀ ಗಾಳಿ. ನಿಮ್ಮ ಪರದೆ ತೋರಿಸೋದು ಕೇಳಿದ್ದನ್ನ— ಕೊಟ್ಟದ್ದನ್ನಲ್ಲ. ಇಲ್ಲಿ ಕಳವೇ ಆಗಿಲ್ಲ ಕಣಮ್ಮ. ಪೋಲಾಗಿದೆ, ಅಷ್ಟೆ."

"ಹಾಗಾದ್ರೆ..."

"ಬೇಲಿಯೇ ಎದ್ದು ಹೊಲ ಮೇಯ್ದಿದೆ. ಬೇಲಿ ಹಾಕಿದೋರು ನೀವು."

ಮುಖ್ಯಸ್ಥೆ ಕಂಪ್ಯೂಟರು ತನ್ನತ್ತ ಎಳೆದುಕೊಂಡಳು. 'ಒಂದು ಬೈಟು ಸೇರಿಸೋ ಮುಂಚೆ ಅದು ಎಲ್ಲಿ ಕೂರುತ್ತೆ ಅಂತ ಕೇಳು' ಎಂದು ವರ್ಷಗಳ ಹಿಂದೆ ಇದೇ ಮೇಜಿನ ಮುಂದೆ ದೊಡ್ಡಣ್ಣ ಹೇಳಿದ್ದ. ಅವಳು ಗುರುತಿನ ಸಾಲನ್ನು ಅಳಿಸಿದಳು. ಕ್ಷಣದ ಕೆಲಸ. ಮೊಟ್ಟೆಗಳಿಗೆ ಮಾತ್ರ ಅದು ತಡವಾಗಿತ್ತು.

ಸಂಜೆ ದೊಡ್ಡಣ್ಣನ ಮನೆಗೆ ಹೋದಳು. ಅವನು ಅಂಗಳದಲ್ಲಿ ನೆರೆಯವರ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದ. ಅವಳ ಮಾತನ್ನೆಲ್ಲ ಕೇಳಿಸಿಕೊಂಡು, ಎಣ್ಣೆಗೈ ಒರೆಸಿಕೊಂಡ.

"ಎಂಟು ಅಕ್ಷರದಲ್ಲಿ ನನ್ನ ಹೆಸರು ಪೂರ್ತಿ ಹಿಡಿಸ್ತೇನಮ್ಮ?" ಎಂದು ನಕ್ಕ.

ಅವಳಿಗೆ ನಗಲಾಗಲಿಲ್ಲ. ಬರೆದು ತಂದಿದ್ದ ಕಾಗದ ಕೊಟ್ಟಳು. ತಪ್ಪು ತನ್ನದು, ಕೆಲಸಕ್ಕೆ ಮರಳಿ ಬನ್ನಿ ಎಂದಿತ್ತು. ಅವನು ನಿಧಾನವಾಗಿ ಓದಿ, ಮಡಿಚಿ, ಅವಳ ಕೈಗೇ ಹಿಂದಿರುಗಿಸಿದ.

"ಆವತ್ತಿನ ಕಾಗದ ನೀನು ಎಲ್ಲರ ಮುಂದೆ ಓದಿದ್ದೆ."

"ಸೋಮವಾರ ಎಲ್ಲರೂ ಇರ್ತಾರೆ ದೊಡ್ಡಣ್ಣ. ಇದನ್ನೂ ಓದ್ತೀನಿ."

"ಓದು. ಓದಬೇಕು." ಅವನು ಮತ್ತೆ ಪಂಪಿನತ್ತ ಬಾಗಿದ. "ಕೇಳೋಕೆ ನಾನಿರಲ್ಲ, ಅಷ್ಟೆ."