ಉಳಿಸಿಟ್ಟ ಬೆಳಕು

ಅವನು ದೀಪದ ಬೆಳಕು ಏರಿಸಿದ. ಅದು ತಾನಾಗಿ ಇಳಿಯಿತು. ಮತ್ತೆ ಏರಿಸಿದ, ಮತ್ತೆ ಇಳಿಯಿತು. ಗ್ಯಾಲರಿಯ ಆ ಕೊನೆಯ ಕೋಣೆಗೆ ಎರಡು ಬಾಗಿಲು, ಎರಡರ ಪಕ್ಕದಲ್ಲೂ ದೀಪ ಏರಿಸಿ ಇಳಿಸುವ ಗುಂಡಿ.

"ಯಾರ್ರೀ ಅದು, ದೀಪದ ಜೊತೆ ಕಣ್ಣಾಮುಚ್ಚಾಲೆ ಆಡ್ತಿರೋದು?" ಎಂದು ಕೂಗಿದ.

"ಆಡ್ತಿರೋದು ನೀವು. ಆ ಕಾಗದಕ್ಕೆ ಇಷ್ಟು ಬೆಳಕು ಆಗಲ್ಲ."

ಆಚೆ ಬಾಗಿಲಿನಿಂದ ಅವಳು ಒಳಗೆ ಬಂದಳು. ಹಣೆಯ ಮೇಲೆ ಬಿದ್ದ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿಕೊಂಡಳು. ಹಳೆಯ ಕಾಗದ ಮುಟ್ಟುವ ಬೆರಳುಗಳು, ಕೂದಲಿನ ಎಣ್ಣೆ ತಾಕಬಾರದು. ಅದೊಂದನ್ನು ಕಂಡದ್ದೇ ಅವನ ಸಿಟ್ಟು ಅರ್ಧ ಕರಗಿತು.

ಅವನು ಅಲ್ಲಿನ ಬಡಗಿ. ಚಿತ್ರಗಳಿಗೆ ಚೌಕಟ್ಟು ಕಟ್ಟುವುದು, ತೂಗುಹಾಕುವುದು, ಅವುಗಳ ಕೋಣೆ ನೋಡಿಕೊಳ್ಳುವುದು ಅವನ ಕೆಲಸ. ಈ ಸಲ ಗೋಡೆಗೆ ಎರಡೇ ಚಿತ್ರ. ಎಡಕ್ಕೆ ಜಪಾನಿನ ಮರದಚ್ಚಿನ ಚಿತ್ರ: ಮಳೆ, ನದಿ, ದೋಣಿಗಾಗಿ ದಡದಲ್ಲಿ ಕಾಯುವ ಹೆಂಗಸು. ಬಲಕ್ಕೆ ಅದೇ ಚಿತ್ರಕ್ಕೆ ಮರುಳಾಗಿ ಪಶ್ಚಿಮದ ಕಲಾವಿದನೊಬ್ಬ ಎಣ್ಣೆಬಣ್ಣದಲ್ಲಿ ತನ್ನದೇ ರೀತಿಯಲ್ಲಿ ಬರೆದದ್ದು. ಎಣ್ಣೆಬಣ್ಣದ್ದು ಇಲ್ಲಿಯದೇ. ಅಚ್ಚಿನದು ಬೇರೊಂದು ಊರಿನ ಮ್ಯೂಸಿಯಮ್ಮಿನದು, ಅದನ್ನು ನೋಡಿಕೊಳ್ಳಲು ಜೊತೆಗೆ ಬಂದವಳು ಇವಳು. ಹರಿದ ಕಾಗದ ಸರಿಮಾಡುವವಳು.

"ಎಣ್ಣೆಬಣ್ಣ ಗಟ್ಟಿಪಿಂಡ, ಏನೂ ಆಗಲ್ಲ," ಎಂದಳು. "ಇದರ ಬಣ್ಣ ಗಿಡದ್ದು, ಬೇಗ ಮಾಸುತ್ತೆ. ಇಂತಿಷ್ಟು ಬೆಳಕು ಅಂತ ಇದರ ಪಾಲಿಗೆ ಲೆಕ್ಕ ಇರುತ್ತೆ. ಆ ಪಾಲು ಮುಗಿದ ದಿನ ಇಳಿಸಿ, ಕಟ್ಕೊಂಡು ಹೊರಡ್ತೀನಿ."

"ನೀವೂ?"

"ಮತ್ತೆ? ಅದೊಂದನ್ನೇ ಬಸ್ ಹತ್ತಿಸಿ ಕಳಿಸ್ಲಾ?"

ಅವನು ಗುಂಡಿ ತಿರುಗಿಸಿ ದೀಪವನ್ನು ಇನ್ನಷ್ಟು ತಗ್ಗಿಸಿದ.

ಸೋಮವಾರ ಗ್ಯಾಲರಿಗೆ ರಜೆ. ಅಂದು ಕೋಣೆಯಲ್ಲಿ ಅವರಿಬ್ಬರೇ. ಅಚ್ಚಿನ ಚಿತ್ರದ ಬುಡದಲ್ಲಿ ಅವಳು ನೀಲಿ ಬಟ್ಟೆಯ ಸಣ್ಣದೊಂದು ಪಟ್ಟಿ ಇಟ್ಟಿದ್ದಳು, ಅರ್ಧ ಮುಚ್ಚಿ, ಅರ್ಧ ತೆರೆದು. ತೆರೆದ ಅರ್ಧ ಎಷ್ಟು ಮಾಸಿತೋ ಚಿತ್ರ ಅಷ್ಟು ಬೆಳಕು ಉಂಡಿತೆಂದು ಲೆಕ್ಕ. ಅವಳು ಪಟ್ಟಿ ನೋಡುತ್ತಿದ್ದರೆ ಅವನು ಬಿಗಿಯಾಗಿಯೇ ಇದ್ದ ಚೌಕಟ್ಟಿನ ಮೊಳೆಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

"ಇಲ್ಲಿ ಬಣ್ಣ ಹಚ್ಚೋದೇ ಮರೆತುಬಿಟ್ಟಿದಾರಲ್ಲ," ಎಂದ ಒಂದು ದಿನ, ಅಚ್ಚಿನ ಚಿತ್ರದ ನಡುಭಾಗ ತೋರಿಸಿ.

"ಅದೇ ರೀ ನದಿ."

"ಖಾಲಿ ಕಾಗದ ನದಿನಾ?"

"ದೋಣಿ ತೇಲ್ತಿದೆಯಲ್ಲ, ನೀರಿಲ್ಲದೆ ತೇಲುತ್ತಾ?"

ಅವನು ಮತ್ತೆ ನೋಡಿದ. ಹೌದು, ನೀರಿತ್ತು. ತುಸು ಹೊತ್ತು ನಿಂತರೆ ತಣ್ಣಗೂ ಅನ್ನಿಸುತ್ತಿತ್ತು. ಬಲಗಡೆಯ ಚಿತ್ರದಲ್ಲಿ ಮಾತ್ರ ಬೊಗಸೆಯಷ್ಟೂ ಜಾಗ ಖಾಲಿಯಿರಲಿಲ್ಲ. ಹಸಿರಿನ ಮೇಲೆ ಹಸಿರು, ದಪ್ಪ ದಪ್ಪ ಗೆರೆ.

"ಈತ ನದೀನ ಉತ್ತುಬಿಟ್ಟಿದಾನೆ. ಬಿತ್ತೋದೊಂದು ಬಾಕಿ," ಎಂದ. ಅವನು ದಿನಾ ಬರುತ್ತಿದ್ದದ್ದು ಊರಾಚೆಯ ಹೊಲದ ಮನೆಯಿಂದ.

ಅವಳು ಬಾಯಿಗೆ ಮೊಣಕೈ ಅಡ್ಡ ಹಿಡಿದು ನಕ್ಕಳು. "ಪಾಪ, ಒಂಟಿ ಮನುಷ್ಯ. ಅಚ್ಚಿನದಕ್ಕೆ ಗೆರೆ ಬರೆದವನೊಬ್ಬ, ಮರ ಕೆತ್ತಿದವನೊಬ್ಬ, ಒತ್ತಿದವನೊಬ್ಬ. ಇವನಿಗೆ ಬೇಡ ಅನ್ನೋಕೂ ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ಹೆಂಗಸನ್ನ ನೋಡಿ. ಅಚ್ಚಿನಲ್ಲಿ ಮುಖಕ್ಕೆ ಕೊಡೆ ಅಡ್ಡ. ಇವನು ತಡ್ಕೊಳ್ಳೋಕಾಗದೆ ಕೊಡೆ ಎತ್ತಿಸಿ ಮುಖ ನೋಡ್ಬಿಟ್ಟಿದಾನೆ."

"ತಪ್ಪಾ?"

"ತಪ್ಪೇನು? ಇಷ್ಟ ಜಾಸ್ತಿಯಾದ್ರೆ ಹಾಗೇ. ನೀವಾಗಿದ್ರೆ ಏನ್ಮಾಡ್ತಿದ್ರಿ?"

"ನಾನು... ಮಳೆ ನಿಲ್ಲೋತನಕ ಕಾಯ್ತಿದ್ದೆ."

ಅವಳು ಅವನತ್ತ ತಿರುಗಿದಳು. ಆ ಮಂದ ಬೆಳಕಿನಲ್ಲಿ ನೋಟ ಬೇಕಾದ್ದಕ್ಕಿಂತ ಒಂದು ಉಸಿರು ಹೆಚ್ಚು ನಿಂತಿತು. "ಚಿತ್ರದಲ್ಲಿ ಮಳೆ ನಿಲ್ಲಲ್ಲ ರೀ," ಎಂದು ಪಟ್ಟಿಯ ಕಡೆ ಬಾಗಿದಳು.

ಅಂದಿನಿಂದ ಅವನಿಗೆ ಒಂದೇ ಧ್ಯಾನ. ನೋಡುವವರು ಕೋಣೆಯಿಂದ ಹೊರಟರೆ ಸಾಕು, ದೀಪ ಆರಿಸುತ್ತಿದ್ದ. ಹೆಜ್ಜೆ ಸಪ್ಪಳ ಕೇಳಿದರೆ ಹಚ್ಚುತ್ತಿದ್ದ. ಬಾಯಾರಿದ ಸಸಿಗೆ ನೀರು ಕೊಡದೆ ತಂಬಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಂತೆ ಅನ್ನಿಸಿ ಒಮ್ಮೊಮ್ಮೆ ನಾಚಿಕೆಯಾಗುತ್ತಿತ್ತು. ಆದರೂ ಉಳಿದಷ್ಟು ಬೆಳಕಿಗೆ ಅಷ್ಟು ದಿನ ಚಿತ್ರ. ಅಷ್ಟು ದಿನ ಅವಳು.

ಈ ಅಭ್ಯಾಸ ಮನೆಯವರೆಗೂ ಬಂತು. ಸಂಜೆ ಹಸುವಿಗೆ ಹುಲ್ಲು ಹಾಕಿ ಬಂದ ಅತ್ತಿಗೆ ಹೊಸ್ತಿಲಲ್ಲೇ ನಿಂತಳು. "ಏನೋ ಮೈದುನಾ, ಕತ್ತಲಲ್ಲಿ ಗೂಬೆ ಥರ ಕೂತಿದೀಯ? ಯಾರೋ ಅವಳು?"

"ಯಾರೂ ಇಲ್ಲ ಅತ್ತಿಗೆ."

"ಯಾರೂ ಇಲ್ಲದಿದ್ರೆ ಯಾರ ಮಾತು ಅತ್ತಿಗೆ ಅಂತ ನೀನೇ ಕೇಳ್ತಿದ್ದೆ. ಯಾರೂ ಇಲ್ಲ ಅಂತ ಇಷ್ಟು ಬೇಗ ಹೇಳ್ತಿರ್ಲಿಲ್ಲ. ಅವಳ ಹತ್ರ ಬಾಯಿ ಬಿಟ್ಟಿದೀಯಾ?"

"ಇಲ್ಲ."

"ಹಾಗಾದ್ರೆ ಕೂತಿರು ಕತ್ತಲಲ್ಲೇ," ಎಂದು ಅತ್ತಿಗೆ ಒಳಗೆ ಹೋದಳು.

ಮುಂದಿನ ಸೋಮವಾರ ಅವಳು ಪಟ್ಟಿ ಹಿಡಿದುಕೊಂಡೇ ಅವನ ಮರಗೆಲಸದ ಕೋಣೆಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ಇದು ಮಾಸಬೇಕಾದಷ್ಟು ಮಾಸಿಲ್ಲ. ಬಂದವರೂ ದೂರ್ತಿದಾರೆ, ಬಾಗಿಲಿಗೆ ಬಂದ್ರೆ ಕೋಣೆ ಕತ್ತಲೆ ಅಂತ. ಅಷ್ಟು ದೂರದಿಂದ ಆ ಚಿತ್ರ ತಂದಿದ್ದು ಜನ ನೋಡ್ಲಿ ಅಂತಲ್ವಾ? ನಿಮಗೆ ಅದು ಇಷ್ಟವಿಲ್ಲದಿದ್ರೆ ಬಾಯಿಬಿಟ್ಟು ಹೇಳಿ."

ಅವನ ಕೈಯಲ್ಲಿ ಮರ ಹೆರೆಯುತ್ತಿದ್ದ ಹತ್ರಿ ನಿಂತಿತು. ಸುರುಳಿ ಸುರುಳಿ ಹೊಟ್ಟು ಕಾಲ ಬಳಿ ಬಿದ್ದಿತ್ತು.

"ಇಷ್ಟವಿಲ್ಲ ಅಂತಲ್ಲ. ಬೆಳಕು ಉಳಿಸ್ತಿದ್ದೆ."

"ಯಾಕೆ?"

"ಅದರ ಪಾಲು ಮುಗಿದ ದಿನ ನೀವು ಹೊರಡ್ತೀರಲ್ಲ, ಅದಕ್ಕೆ."

ಅವಳು ಪಟ್ಟಿಯನ್ನು ನೋಡಿದಳು. ಮಾಸದೆ ಉಳಿದ ಆ ನೀಲಿಯನ್ನು ಬೆರಳ ತುದಿಯಿಂದ ಒಮ್ಮೆ ಸವರಿದಳು. ಸಿಟ್ಟು ಎಲ್ಲಿ ಹೋಯಿತೋ, ಕೆನ್ನೆಯಲ್ಲಿ ಬೇರೇನೋ ಬಂದು ನಿಂತಿತು.

"ಉಳಿದ ಬೆಳಕಿಗೆ ಚಿತ್ರ ಇನ್ನೂ ಕೆಲವು ವಾರ ಇರಬಹುದು ಅಂತ ನಾನು ಬರೆದುಕೊಡಬಹುದು," ಎಂದಳು ಮೆಲ್ಲಗೆ. "ಆದ್ರೆ ಕೊಡಲ್ಲ."

ಅವನು ತಲೆ ತಗ್ಗಿಸಿದ.

"ಅದು ಚಿತ್ರದ ಬೆಳಕು ರೀ. ಇನ್ಯಾವ ಊರಲ್ಲೋ ಇನ್ಯಾರೋ ನೋಡ್ಲಿ. ನನ್ನನ್ನ ಇರಿಸ್ಕೊಳ್ಳೋಕೆ ಅದರ ಪಾಲನ್ನ ಯಾಕೆ ಕದೀಬೇಕು? ನನ್ನನ್ನೇ ಕೇಳಬಾರದಾ?"

ಮರದ ವಾಸನೆಯ ಆ ಕೋಣೆಯಲ್ಲಿ ಅವನು ಹತ್ರಿಯನ್ನು ಮೇಜಿನ ಮೇಲಿಟ್ಟ, ಎತ್ತಿಕೊಂಡ, ಮತ್ತೆ ಇಟ್ಟ.

"ಇರ್ತೀರಾ?"

"ಅಷ್ಟೇನಾ?"

"ನನ್ನ ಜೊತೆ ಇರ್ತೀರಾ?"

"ಇಲ್ಲಿನ ಕಾಗದಗಳನ್ನ ಸರಿಮಾಡೋಕೆ ಬರ್ತೀರಾ ಅಂತ ಮ್ಯಾನೇಜರ್ ಹೋದ ತಿಂಗಳೇ ಕೇಳಿದ್ರು," ಎಂದಳು. "ಈ ಬಾಯಿಂದ ಏನಾದ್ರೂ ಬರುತ್ತೇನೋ ಅಂತ ಕಾಯ್ತಾ ಅವರಿಗೆ ಉತ್ತರ ಕೊಟ್ಟಿರ್ಲಿಲ್ಲ. ಇನ್ನು ಕೊಡ್ತೀನಿ."

ಮೊದಲೇ ಗೊತ್ತುಮಾಡಿದ್ದ ದಿನದಂದೇ ಚಿತ್ರ ಇಳಿಯಿತು. ಪೆಟ್ಟಿಗೆ ಅವನೇ ಮಾಡಿದ, ಒಳಗೆ ಮೆತ್ತೆ ಅವಳು ಹಾಸಿದಳು. ಇಬ್ಬರೂ ಎರಡು ತುದಿ ಹಿಡಿದು, ಮಲಗಿದ ಮಗುವನ್ನು ಹೊರುವಷ್ಟು ನಿಧಾನವಾಗಿ ಮೆಟ್ಟಿಲಿಳಿದು ವ್ಯಾನಿನಲ್ಲಿಟ್ಟರು. ಹೊರಗೆ ಬಿಸಿಲು ಧಾರಾಳವಾಗಿತ್ತು. ಅವಳು ಡ್ರೈವರ್ ಪಕ್ಕ ಹತ್ತಿ ಕೂತು ಗಾಜು ಇಳಿಸಿದಳು.

"ತಲುಪಿಸಿ, ಸಹಿ ಹಾಕಿಸಿಕೊಂಡು, ಬಟ್ಟೆ ಕಟ್ಕೊಂಡು ಬರೋದು," ಎಂದಳು.

"ಯಾವಾಗ?"

"ರಸ್ತೆ ಚೆನ್ನಾಗಿದ್ರೆ ಭಾನುವಾರ."

"ಚೆನ್ನಾಗಿಲ್ಲದಿದ್ರೆ?"

ವ್ಯಾನು ಹೊರಟಿತ್ತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು, ಗಾಳಿಗೆ ಕೂದಲೆಲ್ಲ ಮುಖದ ಮೇಲೆ.

"ಆಗ್ಲೂ ಭಾನುವಾರವೇ ರೀ!"